ಮೂರನೆಯ ಬೇಡ

ತೈವಾನಿನ ನಮ್ಮ ತೈನಾನ್ ನಗರದಲ್ಲಿ ಯಾರಾದರೂ ಊಟಕ್ಕೆ ಕರೆದರೆ ಮೊದಲನೆಯ ಸಲ "ಬೇಡ" ಎನ್ನಬೇಕು. ಎರಡನೆಯ ಸಲ ಕರೆದಾಗ "ಅಯ್ಯೋ ಬೇಡ, ಈಗಷ್ಟೇ ಆಯಿತು" ಎಂದು ಹೊಟ್ಟೆ ಸವರಿಕೊಳ್ಳಬೇಕು. ಮೂರನೆಯ ಸಲಕ್ಕೆ "ಇಷ್ಟು ಬಲವಂತ ಮಾಡಿದ ಮೇಲೆ ಹೇಗೆ ಇಲ್ಲ ಅನ್ನಲಿ" ಎನ್ನುತ್ತ ಚಪ್ಪಲಿ ಬಿಡಬೇಕು. ಮೊದಲ ಕರೆಗೇ ಒಳಗೆ ಬಂದು ಕೂತವನಿಗೆ ಹೊಟ್ಟೆಬಾಕ ಎಂದು ಹೆಸರು ಬರುತ್ತದೆ. ಎರಡನೆಯ ಸಲಕ್ಕೆ ಕರೆಯುವುದನ್ನು ನಿಲ್ಲಿಸಿದವನಿಗೆ ಜುಗ್ಗ ಎಂದು ಬರುತ್ತದೆ. ಊಟಕ್ಕೆ ಮಾತ್ರವಲ್ಲ, ಉಡುಗೊರೆಗೂ ಹೆಣ್ಣು ಕೇಳುವುದಕ್ಕೂ ಇದೇ ಕ್ರಮ.

ಹೌ ಶುಯಿಶೆಂಗನ ಮದುವೆಯೂ ಹೀಗೆಯೇ ಆದದ್ದು. ಬಿಶಿಯಾಳ ಅಪ್ಪ ಎರಡು ಸಲ "ಆಗೋದಿಲ್ಲ, ಬೇಡ" ಎಂದು ಕಳಿಸಿದ್ದರು. ಮೂರನೆಯ ಸಲ ಕೇಳಲು ಹೋದಾಗ ಹೌ ಬಾಗಿಲಲ್ಲಿ ನಿಂತಿರುವಾಗಲೇ ಒಳಗಿನಿಂದ ಕೋಳಿ ಬೇಯುವ ವಾಸನೆ ಬಂತು. ಹುಡುಗ ಬಂದೇ ಬರುತ್ತಾನೆಂದು ಅತ್ತೆ ಬೆಳಿಗ್ಗೆಯೇ ಕೋಳಿ ಇಟ್ಟಿದ್ದರು. ಅಂದಿನಿಂದ ಹೌಗೆ ಒಂದು ನಂಬಿಕೆ ಬೇರೂರಿತು. ಯಾರು ಎಷ್ಟೇ ಗಟ್ಟಿಯಾಗಿ "ಬೇಡ" ಎಂದರೂ ಆ ಬೇಡದ ಹಿಂದೆ ಎಲ್ಲೋ ಒಂದು ಕೋಳಿ ಬೇಯುತ್ತಿರುತ್ತದೆ ಎಂದು.

ಹೌ ನಮ್ಮ ವಾರ್ಡಿನ ಮುಖ್ಯಸ್ಥ. ಚುನಾವಣೆಗೆ ಬೇರೆ ಯಾರೂ ನಿಲ್ಲದಿದ್ದುದರಿಂದ ಸತತವಾಗಿ ಗೆಲ್ಲುತ್ತ ಬಂದವನು. ಅವನ ಮನೆಯ ಮಹಡಿಯಿಂದ ಗಲ್ಲಿಯ ಕಂಬಗಳಿಗೆ ಧ್ವನಿವರ್ಧಕದ ತಂತಿ ಹೋಗಿತ್ತು. ನೀರು ನಿಲ್ಲುವುದು, ಸೊಳ್ಳೆ ಔಷಧಿ ಹೊಡೆಯುವುದು, ಯಾರದೋ ನಾಯಿ ಕಳೆದದ್ದು, ಎಲ್ಲವನ್ನೂ ಅವನು ಅದರಲ್ಲಿ ಗಂಭೀರವಾಗಿ ಸಾರುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಒಂದು ಕೊರಗು ಇತ್ತು. ಪಕ್ಕದ ವಾರ್ಡಿನ ಮುಖ್ಯಸ್ಥನ ಗೋಡೆಯ ಮೇಲೆ ಮೇಯರರ ಕೈ ಕುಲುಕುವ ಫೋಟೊ ಇತ್ತು. ಹೌನ ಗೋಡೆಯ ಮೇಲೆ ಗ್ಯಾಸ್ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಯಾರಾದರೂ ಬಂದು ಕೂತರೆ ಅವನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ.

ಗಲ್ಲಿಯ ಮೂಲೆಯಲ್ಲಿ ಪೊರಕೆ, ಬಿದಿರಿನ ಬುಟ್ಟಿ ಮಾರುವ ಅಂಗಡಿ ಇತ್ತು. ಯೆನ್ ಅಜ್ಜ, ಯೆನ್ ಅಜ್ಜಿ, ಇಬ್ಬರೇ. ಇವರಷ್ಟು ಜುಗ್ಗರು ನಮ್ಮ ವಾರ್ಡಿನಲ್ಲಿ ಇನ್ನೊಬ್ಬರಿಲ್ಲ ಎಂಬುದು ಗಲ್ಲಿಯ ಒಮ್ಮತದ ತೀರ್ಮಾನ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ. ಕತ್ತಲಾದರೂ ಅಂಗಡಿಯಲ್ಲಿ ದೀಪ ಹಾಕುತ್ತಿರಲಿಲ್ಲ, ಬೀದಿದೀಪದ ಬೆಳಕಲ್ಲೇ ಪೊರಕೆ ಕಟ್ಟುತ್ತಿದ್ದರು. ದೇವಸ್ಥಾನದ ಚಂದಾಕ್ಕೆ ಹೋದರೆ ಅಜ್ಜ ಕಿವಿ ಕೇಳದವರ ಹಾಗೆ ಆಡುತ್ತಿದ್ದರು. ಬೀದಿ ಔತಣವಾದರೆ ಅಜ್ಜಿ ಪ್ಲಾಸ್ಟಿಕ್ ಚೀಲಗಳೊಂದಿಗೆ ಬಂದು ತಮ್ಮ ಮೇಜಿನದಷ್ಟೇ ಅಲ್ಲ, ಅಕ್ಕಪಕ್ಕದ ಮೇಜಿನಲ್ಲಿ ಉಳಿದದ್ದನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಎದುರಿಗೆ ಮೀನುಂಡೆ ಸೂಪು ಮಾರುವ ಚೈ ಅಕ್ಕ, "ಅಜ್ಜೀ, ಮೇಜಿನ ಬಟ್ಟೆ ಮರೆತ್ರಲ್ಲ, ಅದನ್ನೂ ಕಟ್ಕೊಳ್ಳಿ" ಎಂದು ಕೂಗಿದರೆ ಅಜ್ಜಿ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬದಲಿಗೆ ಸಮಾಧಾನದಿಂದ ತಲೆಯಾಡಿಸುತ್ತಿದ್ದರು. ಆ ಸಮಾಧಾನವನ್ನು ನಾವು ಯಾರೂ ಸರಿಯಾಗಿ ನೋಡಲಿಲ್ಲ.

ನಮ್ಮ ಗಲ್ಲಿಯಲ್ಲಿ ದೇವರ ಮೆರವಣಿಗೆಗೆ ಬಾರದವರೂ ಕಸದ ಲಾರಿಗೆ ಬರುತ್ತಾರೆ. ಸಂಜೆ ಲಾರಿ ತನ್ನ ಸಂಗೀತ ಹಾಕಿಕೊಂಡು ಮೂಲೆ ತಿರುಗಿದರೆ ಸಾಕು, ಎಲ್ಲರೂ ಚೀಲ ಹಿಡಿದು ಬೀದಿಗೆ. ಯಾರ ಮನೆಯಲ್ಲಿ ಯಾವ ಮೀನು, ಯಾರು ಡಾಕ್ಟರ ಮಾತು ಮೀರಿ ಕುಡಿದರು, ಯಾರಿಗೆ ಹೊಸ ಟೀವಿ ಬಂತು, ಎಲ್ಲ ಚೀಲದಲ್ಲೇ ಗೊತ್ತಾಗುತ್ತದೆ. ಒಂದು ಸಂಜೆ ಯೆನ್ ಅಜ್ಜಿ ಮಡಚಿ ಕಟ್ಟಿದ ಖಾಲಿ ಅಕ್ಕಿ ಚೀಲಗಳ ಒಂದು ದೊಡ್ಡ ಹೊರೆ ತಂದರು. ಗಾಳಿಗೆ ಹುರಿ ಬಿಚ್ಚಿ ಚೀಲಗಳು ಬೀದಿಯ ತುಂಬ ಹರಡಿದವು.

"ಅಮ್ಮಮ್ಮಾ!" ಎಂದಳು ಚೈ ಅಕ್ಕ. "ಅಜ್ಜೀ, ಇಬ್ಬರೇ ಇರೋದು. ಇಬ್ಬರ ಹಲ್ಲೂ ಸೇರಿಸಿದ್ರೆ ಒಂದು ಬಾಯಿ ತುಂಬಲ್ಲ. ಈ ಪಾಟಿ ಅಕ್ಕಿ ಯಾರು ತಿಂತಾರೆ?"

"ಹೆಗ್ಗಣ ಜಾಸ್ತಿ ಆಗಿದಾವೆ" ಎಂದರು ಅಜ್ಜಿ, ಚೀಲಗಳನ್ನು ಬಾಚಿಕೊಳ್ಳುತ್ತ.

ಹೌ ಅಲ್ಲೇ ಮೀನಿನ ಮುಳ್ಳಿನ ಚೀಲ ಹಿಡಿದು ನಿಂತಿದ್ದ. ಅವನ ತಲೆಯಲ್ಲಿ ದೀಪ ಹೊತ್ತಿತು. ಅಕ್ಕಿ ಅಂದರೆ ಕಳ್ಳಭಟ್ಟಿ! ತನ್ನ ವಾರ್ಡಿನಲ್ಲಿ ಸಾರಾಯಿ ಕಾಯಿಸುತ್ತಿದ್ದಾರೆ. ಇದನ್ನು ಹಿಡಿದುಕೊಟ್ಟರೆ ಪೊಲೀಸ್ ಕಮಿಷನರ ಜೊತೆಗಾದರೂ ಒಂದು ಫೋಟೊ ಗಿಟ್ಟೀತು.

ಮರುದಿನ ಬೆಳಕು ಹರಿಯುವ ಮುಂಚೆ ಅವನು ತನ್ನ ಸ್ಕೂಟರನ್ನು ತಳ್ಳಿಕೊಂಡು ಮುದುಕರ ಮೂರು ಚಕ್ರದ ಗಾಡಿಯ ಹಿಂದೆ ಹೋದ. ಗಾಡಿ ಕಾಲುವೆಯಾಚೆಯ ಹಳೆಯ ಮನೆಗಳ ಮುಂದೆ ನಿಂತು ನಿಂತು ಹೋಯಿತು. ಅಜ್ಜಿ ಇಳಿದು ಬಾಗಿಲ ಹಿಡಿಗೆ ಒಂದು ಅಕ್ಕಿಯ ಪೊಟ್ಟಣ ನೇತುಹಾಕಿ, ಕಳ್ಳರ ಹಾಗೆ ಓಡಿಬಂದು ಗಾಡಿ ಹತ್ತುತ್ತಿದ್ದರು. ನಗರದೇವರ ಗುಡಿಯಲ್ಲಿ, ದಿಕ್ಕಿಲ್ಲದ ಹೆಣಗಳಿಗೆ ಪೆಟ್ಟಿಗೆ ಕೊಡಿಸುವ ಹುಂಡಿಗೆ ಅಜ್ಜ ಒಂದು ದಪ್ಪ ಲಕೋಟೆ ತುರುಕಿದರು. ಕೊನೆಗೆ ಅಗ್ನಿಶಾಮಕ ಠಾಣೆಯ ಎದುರು ಇಬ್ಬರೂ ನಿಂತು ಅಲ್ಲಿದ್ದ ಆಂಬುಲೆನ್ಸನ್ನು ನೋಡಿದರು. ನಮ್ಮಲ್ಲಿ ಆಂಬುಲೆನ್ಸ್ ದಾನ ಕೊಟ್ಟವರ ಹೆಸರನ್ನು ಅದರ ಬಾಗಿಲ ಮೇಲೆ ಮೊಳದುದ್ದ ಬರೆಸುವುದು ರೂಢಿ. ಈ ಗಾಡಿಯ ಮೇಲೆ ಮಾತ್ರ "ಹೆಸರಿಲ್ಲದವರ ಕೊಡುಗೆ" ಎಂದಿತ್ತು. ಇದು ಯಾರದೆಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು.

"ಈ ವಾರ ಸರಿಯಾಗಿ ತೊಳೆದೇ ಇಲ್ಲ ನೋಡ್ರೀ" ಎಂದರು ಅಜ್ಜಿ.

"ಹೋಗಿ ಹೇಳೋಕಾಗತ್ತಾ? ಬಾ ಸುಮ್ನೆ" ಎಂದರು ಅಜ್ಜ.

ಹೌನ ಕಣ್ಣಲ್ಲಿ ನೀರು ಬಂತು. ಅಜ್ಜಿಗೆ ಅಪ್ಪನಿಂದ ಬಂದಿದ್ದ ಮೀನುಹೊಂಡವನ್ನು ಸರ್ಕಾರ ರಸ್ತೆಗೆ ತೆಗೆದುಕೊಂಡಾಗ ಸಿಕ್ಕ ಪರಿಹಾರದ ಹಣ ಏನಾಯಿತೆಂದು ಗಲ್ಲಿಯೆಲ್ಲ ಆಡಿಕೊಂಡದ್ದು ನೆನಪಾಯಿತು. ಅದು ಸೈರನ್ ಇಟ್ಟುಕೊಂಡು ಎದುರಿಗೇ ನಿಂತಿತ್ತು. ಅವನ ಕಣ್ಣೀರು ನಿಜವಾದದ್ದು ಎಂದು ನಾವು ಒಪ್ಪಲೇಬೇಕು. ಅದು ಒಣಗುವ ಮೊದಲೇ ಗೋಡೆಯ ಮೇಲಿನ ಕ್ಯಾಲೆಂಡರ್ ನೆನಪಾದದ್ದೂ ನಿಜ.

ಅದೇ ದಿನ ಅವನು ಅನಾನಸ್ ಕೇಕಿನ ಡಬ್ಬಿ ಹಿಡಿದು ಅಂಗಡಿಗೆ ಹೋದ.

"ಅಜ್ಜ, ನನಗೆ ಎಲ್ಲ ಗೊತ್ತಾಯ್ತು."

ಅಜ್ಜನ ಕೈ ಪೊರಕೆಯ ಮೇಲೆ ನಿಂತಿತು. "ಏನು ಗೊತ್ತಾಯ್ತು?"

"ಅಕ್ಕಿ, ಪೆಟ್ಟಿಗೆ, ಆಂಬುಲೆನ್ಸು. ಅಲ್ಲಾ, ಜೀವಮಾನವೆಲ್ಲ ಊರಿಗೆ ಸುರಿದಿದೀರಿ, ನಾವು ಕುರುಡರ ಹಾಗೆ ನಿಮ್ಮನ್ನ ಆಡ್ಕೊಂಡ್ವಿ. ನಗರಸಭೆಯಿಂದ ನಿಮಗೆ ಸನ್ಮಾನ ಮಾಡಿಸ್ತೀನಿ."

"ಬೇಡ" ಎಂದರು ಅಜ್ಜ.

"ಗೊತ್ತಿತ್ತು, ಗೊತ್ತಿತ್ತು" ಎಂದು ಹೌ ಸಂತೋಷದಿಂದ ಎದ್ದ. ಮೊದಲನೆಯದು ಮುಗಿದಂತಾಯಿತು.

ಎರಡನೆಯ ಸಲ ಅವನು ಬರುವುದನ್ನು ದೂರದಿಂದಲೇ ನೋಡಿ ಅಜ್ಜ ಅಂಗಡಿಯ ಷಟರ್ ಎಳೆದರು. ಹೌ ಮಂಡಿಯೂರಿ, ಕೆಳಗಿನ ಸಂದಿಗೆ ಬಾಯಿಟ್ಟು ಮಾತಾಡಬೇಕಾಯಿತು.

"ಅಜ್ಜ, ಶಾಲು ಹೊದಿಸ್ತಾರೆ, ಫಲಕ ಕೊಡ್ತಾರೆ!"

"ಬೇಡ ಅಂದ್ರೆ ಬೇಡ ಕಣಯ್ಯ! ನಿನಗೆ ಕಿವಿ ಇಲ್ವಾ? ಎದ್ದು ಹೋಗು!" ಎಂದು ಒಳಗಿನಿಂದ ಬಂತು. ಜೊತೆಗೆ ಸಂದಿಯಿಂದ ಒಂದು ಪೊರಕೆಯ ತುದಿಯೂ ಬಂದು ಅವನ ಮೂಗಿಗೆ ತಿವಿಯಿತು.

"ಎಂಥ ವಿನಯ!" ಎಂದ ಹೌ, ಮೂಗು ಉಜ್ಜಿಕೊಂಡು, ಎದುರಿನ ಚೈ ಅಕ್ಕನಿಗೆ. ಯಾವುದರ ವಿನಯ ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ಗಿರಾಕಿಗಳಿಗೆ ಅದನ್ನು ಸೂಪಿನ ಜೊತೆ ಬಡಿಸಿದಳು.

ಮೂರನೆಯ ಸಲ ಅವನು ಹೋಗುವ ಅಗತ್ಯವೇ ಬರಲಿಲ್ಲ. ಅಜ್ಜಿಯೇ ಅವನ ಮನೆಗೆ ಬಂದರು, ಹಬೆಯಲ್ಲಿ ಅಡುಗೆ ಬೇಯಿಸುವ, ಅಂಗಡಿಯಲ್ಲಿದ್ದ ಅತಿ ದೊಡ್ಡ ಬಿದಿರಿನ ಬುಟ್ಟಿಯನ್ನು ಎದೆಗವಚಿಕೊಂಡು.

"ಇದನ್ನ ಇಟ್ಕೊಳಪ್ಪ. ನೀನು ನೋಡಿದ್ದನ್ನ ಎಲ್ಲೂ ಬಾಯಿಬಿಡಬೇಡ. ದಮ್ಮಯ್ಯ ಅಂತೀನಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಜ್ಜಿ ಕಣ್ಣೀರಿಡುತ್ತ ಬಗ್ಗಿದರು.

"ಛೆ ಛೆ, ಏಳಿ ಅಜ್ಜಿ. ಯಾಕೆ ಬೇಡ, ಅದನ್ನಾದ್ರೂ ಹೇಳಿ."

ಅಜ್ಜಿ ಬುಟ್ಟಿಯನ್ನು ಅವನ ಕೈಗೆ ತುರುಕಿದರು. "ಯಾಕೆ ಅಂತ ಹೇಳೋ ಹಾಗಿಲ್ಲ. ಬೇಡ, ಅಷ್ಟೇ."

ಅವರು ಹೋದ ಮೇಲೆ ಬಿಶಿಯಾ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಅವರು ನಗಲಿಲ್ಲ."

"ಏನು?"

"ಬಾಯಲ್ಲಿ ಬೇಡ ಅನ್ನೋರು ಮುಖದಲ್ಲಿ ನಗ್ತಾ ಇರ್ತಾರೆ. ನಮ್ಮಪ್ಪ ಎರಡು ಸಲ ನಿಮ್ಮನ್ನ ಬೇಡ ಅಂದಾಗ್ಲೂ ನಗ್ತಿದ್ರು."

"ನಿಮ್ಮಪ್ಪ ಇವತ್ತಿಗೂ ನನ್ನ ನೋಡಿದ್ರೆ ನಗ್ತಾರೆ" ಎಂದ ಹೌ. "ಮೂರನೇ ಬೇಡ ಅಂದ್ರೆ ಹಾಗೇನೇ, ಸ್ವಲ್ಪ ಅಳು ಬರತ್ತೆ. ಇಷ್ಟು ದೊಡ್ಡ ಮನಸ್ಸಿಗೆ ಇಷ್ಟು ದೊಡ್ಡ ಬೇಡ. ಲೆಕ್ಕ ಸರಿಯಾಗೇ ಇದೆ."

ಆದರೂ ಹೆಂಡತಿಯ ಮಾತು ಮುಳ್ಳಾಗಿ ಕೂತಿತು. ದೇವರನ್ನೇ ಕೇಳಿಬಿಡೋಣ ಎಂದು ನಗರದೇವರ ಗುಡಿಗೆ ಹೋದ. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ನಾವು ದೇವರನ್ನು ಕೇಳುವುದು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಹೌದೆಂದ ಹಾಗೆ. ದೊಡ್ಡ ಮಾತಾದರೆ ಮೂರು ಸಲ ಬಿಡದೆ ಹಾಗೆಯೇ ಬೀಳಬೇಕು. ಎರಡೂ ಮಗುಚಿ ಬಿದ್ದರೆ ಇಲ್ಲ. ಎರಡೂ ಅಂಗಾತ ಬಿದ್ದು ಅಲ್ಲಾಡಿದರೆ ದೇವರು ನಗುತ್ತಿದ್ದಾನೆ ಎಂದರ್ಥ. ಹೌ ಹಾಕಿದ. ಎರಡೂ ಅಂಗಾತ ಬಿದ್ದು ತೊಟ್ಟಿಲಿನ ಹಾಗೆ ತೂಗಿದವು.

"ನಕ್ಕ!" ಎಂದು ಹೌ ಕುಣಿದ. "ದೇವರಿಗೆ ಸಂತೋಷ ಆಗಿದೆ."

"ಅದು ಸಂತೋಷದ ನಗು ಅಲ್ಲ ಮುಖ್ಯಸ್ಥರೇ" ಎಂದರು ಗುಡಿಯ ಮುದುಕ ಪರಿಚಾರಕರು. "ನೀವು ಕೇಳಿದ ಪ್ರಶ್ನೆ ಕೇಳಿ ನಕ್ಕಿದ್ದಾನೆ. ಯೋಚನೆ ಮಾಡಿ ಇನ್ನೊಂದ್ಸಲ ಕೇಳಿ."

"ನಿಮಗೆ ವಯಸ್ಸಾಯ್ತು. ನಗುನೂ ಅನುಮಾನದಿಂದ ನೋಡ್ತೀರಿ" ಎಂದು ಹೌ ಧೂಪ ಚುಚ್ಚಿ ಹೊರಟೇಬಿಟ್ಟ.

ನಗರಸಭೆಯ ಸನ್ಮಾನ ವಿಭಾಗದಲ್ಲಿ ಪಾನ್ ಎಂಬ ಅಧಿಕಾರಿ ಇದ್ದರು. ಊರಿನ ವಿನಯವನ್ನು ಅಳೆಯುವುದರಲ್ಲೇ ಕೂದಲು ಹಣ್ಣಾದವರು. ಅವರು ಮೊದಲು ಕೇಳಿದ್ದೇ, "ಎಷ್ಟು ಸಲ ಬೇಡ ಅಂದ್ರು?"

"ಮೂರು ಸಲ ಸಾರ್."

"ಹೇಗೆ ಬೇಡ ಅಂದ್ರು?"

"ಎರಡನೇದರಲ್ಲಿ ಷಟರ್ ಎಳೆದ್ರು, ಪೊರಕೇಲಿ ತಿವಿದ್ರು. ಮೂರನೇದರಲ್ಲಿ ಕಾಲಿಗೆ ಬೀಳೋಕೆ ಬಂದ್ರು ಸಾರ್, ಕಣ್ಣೀರು ಹಾಕಿದ್ರು."

ಪಾನ್ ಅವರು ಕನ್ನಡಕ ತೆಗೆದಿಟ್ಟರು. "ಪೊರಕೆ, ಕಣ್ಣೀರು ಎರಡೂ! ಹೋದ ವರ್ಷ ಸನ್ಮಾನ ತಗೊಂಡ ಬಟ್ಟೆ ವ್ಯಾಪಾರಿ ಒಂದೇ ಸಲ ಬೇಡ ಅಂದಿದ್ದ, ಅದೂ ಫೋನಲ್ಲಿ, ಆಗಲೇ ದರ್ಜಿ ಹತ್ರ ಕೋಟು ಹೊಲಿಸ್ತಾ ಇದ್ದ. ಇಂಥವರಿಗೆ ಬರೀ ಪ್ರಮಾಣಪತ್ರ ಕೊಟ್ರೆ ಊರಿಗೇ ಅವಮಾನ. ಮರದ ಫಲಕ ಆಗ್ಲಿ, ಚಿನ್ನದ ಅಕ್ಷರ ಆಗ್ಲಿ. ಬ್ಯಾಂಡು ಕಳಿಸ್ತೀನಿ. ಉಪಮೇಯರರೇ ಬರ್ತಾರೆ. ಆ ಆಂಬುಲೆನ್ಸ್ ಬಾಗಿಲಿಗೂ ಅವರ ಹೆಸರು ಬರೆಸಿ."

ಹೀಗೆ ಮುದುಕರು ಒಂದೊಂದು ಬೇಡ ಎಂದಾಗಲೂ ಸನ್ಮಾನ ಒಂದೊಂದು ಗೇಣು ಬೆಳೆಯಿತು.

ಮರುದಿನ ಬೆಳಿಗ್ಗೆ ಕಂಬಗಳು ಕೆಮ್ಮಿದವು. "ವಾರ್ಡಿನ ಮಹಾಜನಗಳೇ," ಎಂದು ಹೌನ ಧ್ವನಿ ಗಲ್ಲಿಯಲ್ಲಿ ಮೊಳಗಿತು, "ಹೆಸರಿಲ್ಲದ ಆ ದಾನಿಗಳು ಬೇರೆ ಯಾರೂ ಅಲ್ಲ, ನಮ್ಮ ಮೂಲೆ ಅಂಗಡಿಯ ಯೆನ್ ಅಜ್ಜ ಮತ್ತು ಅಜ್ಜಿ!" ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹ ಬಂದಾಗ ಹೌಗೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ. ಯಾವ ಯಾವ ಬಾಗಿಲಿಗೆ ಅಕ್ಕಿ ಹೋಗುತ್ತಿತ್ತು ಎಂಬುದನ್ನೂ ಸಾರಿದ. ಅದರಲ್ಲಿ ಲೂ ಮೇಷ್ಟ್ರ ಬಾಗಿಲೂ ಇತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ ದಿನಾ ವಾಯುವಿಹಾರ ಮಾಡುತ್ತಿದ್ದ ನಿವೃತ್ತ ಮೇಷ್ಟ್ರು. ಅಂದು ಅವರು ಹೊರಗೆ ಬರಲಿಲ್ಲ.

ಗಲ್ಲಿ ದಂಗಾಯಿತು. ಚೈ ಅಕ್ಕ ಸೌಟು ಕೈಬಿಟ್ಟಳು. "ಮೇಜಿನ ಬಟ್ಟೆನೂ ಕಟ್ಕೊಳ್ಳಿ ಅಂದೆನಲ್ಲೇ ಈ ಪಾಪಿ ಬಾಯಲ್ಲಿ!" ಎಂದು ಎದೆ ಬಡಿದುಕೊಂಡು, ಒಂದು ದೊಡ್ಡ ಬಟ್ಟಲು ಸೂಪು ತುಂಬಿಕೊಂಡು ಅಂಗಡಿಗೆ ಓಡಿದಳು. ಷಟರ್ ಇಳಿದಿತ್ತು. ಅವಳ ಹಿಂದೆ ಬಂದವರು ಹಣ್ಣು, ಕೇಕು, ಧೂಪದ ಕಟ್ಟು ಎಲ್ಲವನ್ನೂ ಷಟರಿನ ಮುಂದೆ ಪೇರಿಸಿದರು. ಸಂಜೆಯ ಹೊತ್ತಿಗೆ ಅದು ಪೊರಕೆ ಅಂಗಡಿಯೋ ಗುಡಿಯೋ ಗೊತ್ತಾಗದಂತಾಯಿತು.

ಸನ್ಮಾನದ ದಿನ ಗುಡಿಯ ಅಂಗಳದಲ್ಲಿ ವೇದಿಕೆ, ಕೆಂಪು ಬಟ್ಟೆ ಹೊದಿಸಿದ ಎರಡು ಕುರ್ಚಿ, ಬ್ಯಾಂಡು, ಇಬ್ಬರು ಹೊತ್ತು ತರಬೇಕಾದಷ್ಟು ದೊಡ್ಡ ಫಲಕ. ಉಪಮೇಯರರು ಸಮಯಕ್ಕೆ ಸರಿಯಾಗಿ ಬಂದರು. ಮುದುಕರು ಬರಲಿಲ್ಲ. ಕರೆತರಲು ಹೋದವರು ಓಡಿಬಂದು, "ಮನೆಗೆ ಬೀಗ! ಬೆಳಗಿನ ರೈಲಿಗೆ ತೈತುಂಗಿಗೆ ಮಗಳ ಮನೆಗೆ ಹೋದ್ರಂತೆ" ಎಂದರು.

"ನಾಲ್ಕನೇ ಬೇಡ!" ಎಂದು ಹೌ ಮೈಕಿನಲ್ಲಿ ಗದ್ಗದಿತನಾದ. "ಬಂಧುಗಳೇ, ಹಿಂದಿನ ಕಾಲದ ಋಷಿಗಳೂ ಮೂರೇ ಸಲ ಬೇಡ ಅಂತಿದ್ರು!"

ಚಪ್ಪಾಳೆ ಬಿತ್ತು. ಆದರೆ ಉಪಮೇಯರರಿಗೆ ಇನ್ನೊಂದು ಕಾರ್ಯಕ್ರಮವಿತ್ತು, ಖಾಲಿ ಕುರ್ಚಿಗೆ ಫಲಕ ಕೊಟ್ಟರೆ ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು ಫೋಟೊಗ್ರಾಫರ್ ಹಟ ಹಿಡಿದ. ಪಾನ್ ಅವರು ಸುತ್ತ ನೋಡಿ, "ಮುಖ್ಯಸ್ಥರೇ, ನೀವೇ ಕೂತ್ಕೊಳ್ಳಿ. ಅಜ್ಜಿ ಜಾಗಕ್ಕೆ ಆ ಸೂಪಿನ ಹೆಂಗಸು ಬರ್ಲಿ" ಎಂದರು. ಹೌ "ಬೇಡ" ಎಂದ. ಪಾನ್ ಅವರು ಮತ್ತೆ ಹೇಳಿದರು. "ಅಯ್ಯೋ ಬೇಡ ಸಾರ್" ಎಂದ. ಮೂರನೆಯ ಸಲಕ್ಕೆ ಕೂತ.

ಮರುದಿನ ಪತ್ರಿಕೆಯಲ್ಲಿ ಉಪಮೇಯರರ ಕೈ ಕುಲುಕುತ್ತಿರುವ ಹೌ, ಪಕ್ಕದಲ್ಲಿ ಏಪ್ರನ್ ಕಟ್ಟಿದ ಚೈ ಅಕ್ಕ. ಕೆಳಗೆ, "ನಗರಕ್ಕೆ ಜೀವ ತೇಯ್ದ ಆದರ್ಶ ದಂಪತಿ." ಹೌ ಜೀವಮಾನದಲ್ಲಿ ಬಯಸಿದ ಫೋಟೊ. ಬಿಶಿಯಾ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಚೈ ಅಕ್ಕನ ಗಂಡ ಸೂಪಿನ ಕಡಾಯಿಯ ಮುಂದೆ ಕೂತು, ಬಂದ ಗಿರಾಕಿಗಳಿಗೆಲ್ಲ, "ಇವಳು ನಗರಕ್ಕೆ ಜೀವ ತೇಯ್ದದ್ದು ಯಾವಾಗ, ನನಗೂ ಸ್ವಲ್ಪ ಹೇಳಿ" ಎಂದು ಕೇಳುತ್ತಿದ್ದ.

ವಾರ ಕಳೆದು ಮುದುಕರು ಬಂದರು. ಷಟರಿನ ಮುಂದಿನ ರಾಶಿಯನ್ನು ಅಜ್ಜ ತಾವೇ ಗುಡಿಸಿದರು. ಹೌ ಫಲಕವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು, ಹಲ್ಲು ಕಿರಿಯುತ್ತ ಹೋದ.

"ಒಳಗೆ ಬಾ" ಎಂದರು ಅಜ್ಜ. ಅಂಗಡಿಯಲ್ಲಿ ದೀಪ ಹಾಕಿದ್ದರು. ಹೌ ಆ ಅಂಗಡಿಯಲ್ಲಿ ದೀಪ ನೋಡಿದ್ದು ಅದೇ ಮೊದಲು.

"ಈಗ ಹೇಳಬಹುದು. ಹೇಳಬಾರದು ಅನ್ನೋದು ಇನ್ನೇನೂ ಉಳೀಲಿಲ್ಲವಲ್ಲ" ಎಂದರು ಅಜ್ಜ. "ನಮ್ಮ ಶುಲಿಂಗ್ ಚಿಕ್ಕೋಳಿದ್ದಾಗ ಜ್ವರ ಬಂತು. ಡಾಕ್ಟ್ರು ಕೈಬಿಟ್ರು. ಇವಳು ನಗರದೇವರ ಮುಂದೆ ಮಗು ಮಲಗಿಸಿ ಹರಕೆ ಹೊತ್ಲು. ಮಗುನ ಉಳಿಸು, ಬದುಕಿರೋ ತನಕ ಈ ಊರಿಗೆ ಒಳ್ಳೇದು ಮಾಡ್ತೀವಿ, ಯಾರಿಗೂ ಗೊತ್ತಾಗದ ಹಾಗೆ ಮಾಡ್ತೀವಿ, ಅದರ ಫಲ ಎಲ್ಲ ಅವಳ ಆಯುಸ್ಸಿಗೆ ಹೋಗ್ಲಿ ಅಂತ. ಕಾಣದ ಹಾಗೆ ಮಾಡಿದ ಪುಣ್ಯ ಮಾತ್ರ ದೇವರ ಹತ್ರ ನಿಲ್ಲತ್ತೆ. ಹೊಗಳಿಸಿಕೊಂಡ್ರೆ ಅಲ್ಲಿಗೇ ಖರ್ಚಾಯ್ತು. ನಿಮ್ಮ ಅಜ್ಜಿನೂ ಹೇಳಿರಬೇಕಲ್ಲ ನಿನಗೆ?"

ಹೌಗೆ ಅವನ ಅಜ್ಜಿಯೂ ಹೇಳಿದ್ದಳು. ನಮ್ಮೆಲ್ಲರ ಅಜ್ಜಿಯರೂ ಹೇಳಿದ್ದಾರೆ.

"ಅದಕ್ಕೇ ಜುಗ್ಗರ ಹಾಗೆ ಇದ್ವಿ. ನೀವು ಆಡ್ಕೊಂಡಷ್ಟೂ ಇವಳಿಗೆ ನೆಮ್ಮದಿ. ಸರಿ, ಇವತ್ತೂ ಯಾರಿಗೂ ಗೊತ್ತಾಗ್ಲಿಲ್ಲ ಅಂತ ನಿದ್ದೆ ಹೋಗೋಳು."

"ಅಜ್ಜ, ಒಂದು ಮಾತು ಹೇಳಬಾರದಿತ್ತೇ? ನಾನು ಬಾಯಿ ಹೊಲ್ಕೊಂಡು ಇರ್ತಿದ್ದೆ!"

"ಹರಕೆ ಅಂತ ಹೇಳಿದ್ರೂ ಹರಕೆ ಮುರೀತಿತ್ತು. ಬೇಡ ಅನ್ನೋದೊಂದೇ ನಮಗೆ ಇದ್ದ ಮಾತು. ಅದನ್ನ ಅಂದ್ವಿ. ಎಷ್ಟು ಸಲ ಅನ್ನಬೇಕಿತ್ತಪ್ಪ?"

ಒಳಗಿನಿಂದ ಅಜ್ಜಿಯ ಧ್ವನಿ ಕೇಳುತ್ತಿತ್ತು. ಫೋನಿನಲ್ಲಿ, "ಶುಲಿಂಗ್, ಮೈ ಬಿಸಿ ಇದೆಯಾ? ಥರ್ಮಾಮೀಟರ್ ಇಟ್ಟು ನೋಡು. ಈಗ ಇಡು, ನಾನು ಕಾಯ್ತೀನಿ." ಶುಲಿಂಗ್ ಮೊಮ್ಮಕ್ಕಳನ್ನು ಎತ್ತುವ ವಯಸ್ಸಿನವಳು, ತೈತುಂಗಿನಲ್ಲಿ ಬಸ್ ಓಡಿಸುತ್ತಾಳೆ. ಅವಳಿಗೂ ಈ ಹರಕೆಯ ವಿಷಯ ಗೊತ್ತಿರಲಿಲ್ಲ. ಅಮ್ಮನಿಗೆ ಅರಳುಮರುಳು ಶುರುವಾಯಿತೆಂದು ಅವಳು ಅಪ್ಪನ ಹತ್ತಿರ ಅತ್ತಳಂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೌ ಆಡಿದ ಮಾತನ್ನು ಹೆಕ್ಕಿ ತರಲು ಹೊರಟ. ಅಂದೇ ಸಂಜೆ ಕಂಬಗಳು ಮತ್ತೆ ಕೆಮ್ಮಿದವು. "ಮಹಾಜನಗಳೇ, ತಿದ್ದುಪಡಿ. ಯೆನ್ ದಂಪತಿ ಈ ಊರಿಗೆ ಏನೂ ಕೊಟ್ಟಿಲ್ಲ. ಕೊಡುವವರೂ ಅಲ್ಲ. ಅವರು ಮಹಾ ಜುಗ್ಗರು. ನಾನು ಹೇಳಿದ್ದು ಸುಳ್ಳು. ಪತ್ರಿಕೆಯಲ್ಲಿ ಬಂದವರೂ ಅವರಲ್ಲ ಎಂಬುದನ್ನು ಫೋಟೊ ನೋಡಿ ಖಾತ್ರಿ ಮಾಡಿಕೊಳ್ಳಿ." ಆಂಬುಲೆನ್ಸಿನ ಬಾಗಿಲ ಮೇಲೆ ಹೊಸದಾಗಿ ಬರೆಸಿದ್ದ ಹೆಸರುಗಳನ್ನು ತಾನೇ ಹೋಗಿ ಸೀಮೆಎಣ್ಣೆಯಲ್ಲಿ ಉಜ್ಜಿದ. ಬಣ್ಣ ಹೋಯಿತು, ಅಕ್ಷರದ ನೆರಳು ಹೋಗಲಿಲ್ಲ.

ಪಾನ್ ಅವರು ಫೋನ್ ಮಾಡಿ ಕೂಗಾಡಿದರು. "ಏನ್ರೀ ಇದು! ನಗರಸಭೆ ಜುಗ್ಗರಿಗೆ ಚಿನ್ನದ ಅಕ್ಷರದ ಫಲಕ ಕೊಡ್ತೇನ್ರೀ?"

"ಹೌದು ಸಾರ್. ಹಾಗೇ ಬರ್ಕೊಳ್ಳಿ ಸಾರ್. ದಮ್ಮಯ್ಯ" ಎಂದ ಹೌ.

ಹೌ ಮನೆಮನೆಗೆ ಹೋಗಿ ವಿಷಯ ತಿಳಿಸಿದ. ಇನ್ನು ಮೇಲೆ ಎಲ್ಲರೂ ಅಜ್ಜಿಯನ್ನು ಮೊದಲಿನ ಹಾಗೆಯೇ ಆಡಿಕೊಳ್ಳಬೇಕೆಂದು ಕೈಮುಗಿದ. ಗಲ್ಲಿ ಒಪ್ಪಿತು. ಮರುದಿನ ಕಸದ ಲಾರಿ ಬಂದಾಗ ಎಲ್ಲರೂ ಚೀಲ ಹಿಡಿದು ತಯಾರಾಗಿ ನಿಂತರು. ಅಜ್ಜಿ ಬಂದರು.

"ಏ... ಏ ಜುಗ್ಗ ಅಜ್ಜಿ" ಎಂದಳು ಚೈ ಅಕ್ಕ. ಎನ್ನುತ್ತಲೇ ಅವಳ ಬೆನ್ನು ತಾನಾಗಿ ಬಾಗಿತು, ಕೈಗಳು ಮೀನುಂಡೆಯ ಚೀಲದ ಸಮೇತ ಜೋಡಿಸಿಕೊಂಡವು. "ಮೇಜಿನ ಬಟ್ಟೆ..." ಎಂದು ಶುರುಮಾಡಿ, ಮುಗಿಸಲಾರದೆ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು.

"ಹಾಗಲ್ಲ ಕಣೇ" ಎಂದರು ಅಜ್ಜಿ. "ಮೊದಲು ಎಷ್ಟು ಚೆನ್ನಾಗಿ ಬೈತಿದ್ದೆ. ಮನಸ್ಸಿಟ್ಟು ಬೈಯಿ."

ಲಾರಿಯ ಡ್ರೈವರ್ ಕೂಡ, ಸಂಗೀತ ನಿಲ್ಲಿಸಿ, ಟೋಪಿ ತೆಗೆದು ತಲೆಬಾಗಿಸಿದ. ಅಜ್ಜಿ ಬೇಸರದಿಂದ ಚೀಲ ಎಸೆದು ಒಳಗೆ ಹೋದರು. ಅಕ್ಕಿ ಹಂಚುವುದನ್ನು ಅವರು ನಿಲ್ಲಿಸಲಿಲ್ಲ. ಆದರೆ ಈಗ ಅವರು ಬರುವ ಮೊದಲೇ ಬಾಗಿಲುಗಳು ತೆರೆದಿರುತ್ತಿದ್ದವು, ಒಳಗಿನವರು ನಿಂತು ನಮಸ್ಕರಿಸುತ್ತಿದ್ದರು. ಲೂ ಮೇಷ್ಟ್ರ ಬಾಗಿಲು ಮಾತ್ರ ಮುಚ್ಚಿತ್ತು. ಅಲ್ಲಿ ನೇತುಹಾಕಿದ ಪೊಟ್ಟಣ ಮರುದಿನವೂ ಅಲ್ಲೇ ಇರುತ್ತಿತ್ತು. ಹೌ ಅವರ ಮನೆಯ ಮುಂದೆ ಹೋಗಿ ಕ್ಷಮೆ ಕೇಳಲು ಎರಡು ಸಲ ಬಾಗಿಲು ತಟ್ಟಿದ. ಎರಡು ಸಲವೂ ಒಳಗಿನಿಂದ, "ಬೇಡ, ಹೋಗಿ" ಎಂದರು. ಮೂರನೆಯ ಸಲ ತಟ್ಟಬೇಕೋ ಬಾರದೋ ತಿಳಿಯದೆ ಅವನು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತು ಎದ್ದುಬಂದ. ಬೇಡ ಎಂಬ ಮಾತನ್ನೇ ಅವನು ಮರೆತುಬಿಟ್ಟವನಂತಾಗಿದ್ದ. ಬಿಶಿಯಾ ಇನ್ನೊಂದು ಸೌಟು ಗಂಜಿ ಹಾಕಿಕೊಳ್ಳಿ ಎಂದರೆ ಬೇಡ ಎನ್ನಲು ಹೆದರುತ್ತಿದ್ದ.

ಚಳಿಗಾಲದಲ್ಲಿ ಶುಲಿಂಗ್‌ಗೆ ನೆಗಡಿಯಾಯಿತು. ಬರೀ ನೆಗಡಿ. ಊರಿಗೆಲ್ಲ ಬರುವಂಥದ್ದು. ಆದರೆ ನಮ್ಮ ಗಲ್ಲಿ ಉಸಿರು ಹಿಡಿಯಿತು. ಚೈ ಅಕ್ಕ ಸೂಪಿಗೆ ಉಪ್ಪು ಹಾಕುವುದನ್ನು ಮರೆತಳು, ಯಾರೂ ಕೇಳಲಿಲ್ಲ. ಹೌ ತೈತುಂಗಿನ ಔಷಧಿ ಅಂಗಡಿಗೆ ತಾನೇ ಫೋನ್ ಮಾಡಿ, ಬಸ್ ಓಡಿಸುವ ಹೆಂಗಸೊಬ್ಬಳು ಬಂದರೆ ಒಳ್ಳೆಯ ಔಷಧಿಯನ್ನೇ ಕೊಡಿ ಎಂದು ಬೇಡಿಕೊಂಡ. ನೆಗಡಿ ತಾನಾಗಿ ಹೋಯಿತು. ಶುಲಿಂಗ್ ಮತ್ತೆ ಬಸ್ ಹತ್ತಿದಳು. ಅಜ್ಜಿಯ ಮುಖದ ಬಣ್ಣ ಮಾತ್ರ ಮರಳಲಿಲ್ಲ.

ಒಂದು ಮಧ್ಯಾಹ್ನ ಅವರೇ ಹೌನ ಮನೆಗೆ ಬಂದರು. ಕೈಯಲ್ಲಿ ಛತ್ರಿ ಇತ್ತು. "ನಡಿ ಗುಡಿಗೆ" ಎಂದರು. "ಹರಕೆ ಇನ್ನೂ ನಿಂತಿದೆಯೋ ಇಲ್ವೋ ಕೇಳಬೇಕು. ನನಗೆ ಧೈರ್ಯ ಸಾಲದು. ಬಾಯಿಬಿಟ್ಟವನು ನೀನು, ನೀನೇ ಕೇಳು."

ಗುಡಿಯಲ್ಲಿ ಆ ಹೊತ್ತಿಗೆ ಪರಿಚಾರಕರ ಹೊರತು ಯಾರೂ ಇರಲಿಲ್ಲ. ಹೌ ಮಂಡಿಯೂರಿದ. ಧ್ವನಿವರ್ಧಕದ ಮನುಷ್ಯನಿಗೆ ಪಿಸುಮಾತು ಅಭ್ಯಾಸವಿರಲಿಲ್ಲ. "ಸ್ವಾಮೀ, ಬಾಯಿ ನನ್ನದು. ಶಿಕ್ಷೆ ನನಗಿರಲಿ. ಅವರ ಮಾತು ಅವರು ನಡೆಸಿದ್ದಾರೆ. ಆ ಹರಕೆ ಇನ್ನೂ ನಿನ್ನ ಹತ್ತಿರ ಉಂಟೋ?" ಎಂದು ತುಂಡುಗಳನ್ನು ಹಾಕಿದ.

ಒಂದು ಮಗುಚಿ, ಒಂದು ಅಂಗಾತ. ಹೌದು.

ಅಜ್ಜಿ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಎರಡನೆಯ ಸಲ ಹಾಕಿದ. ಒಂದು ಕಂಬಕ್ಕೆ ತಾಗಿ ಸುತ್ತಿ ಸುತ್ತಿ ನಿಂತಿತು. ಹೌದು.

ಹೌನ ಮೈಯಲ್ಲಿ ಜೀವ ಬಂತು. ಇನ್ನು ಒಂದೇ ಒಂದು. ತುಂಡುಗಳನ್ನು ಎತ್ತಿ ಹಣೆಗೆ ಒತ್ತಿಕೊಂಡು ಕೈ ಮೇಲೆತ್ತಿದ. ಅಷ್ಟರಲ್ಲಿ ಅಜ್ಜಿ ಅವನ ಮಣಿಕಟ್ಟು ಹಿಡಿದರು.

"ಬೇಡ" ಎಂದರು.

"ಅಜ್ಜೀ, ಇನ್ನೊಂದೇ. ಮೂರಾದ್ರೆ ಗಟ್ಟಿ."

"ಬೇಡ. ಮೂರನೇದು ಇಲ್ಲ ಅಂತ ಬಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ಹೌ ಅವರ ಮುಖ ನೋಡಿದ. ಆ ಬೇಡದ ಹಿಂದೆ ಎಲ್ಲೂ ಕೋಳಿ ಬೇಯುತ್ತಿರಲಿಲ್ಲ. ಮೊದಲ ದಿನವೂ ಬೇಯುತ್ತಿರಲಿಲ್ಲ, ಷಟರಿನ ಹಿಂದೆಯೂ ಬೇಯುತ್ತಿರಲಿಲ್ಲ. ಒಮ್ಮೆ ತಲೆಯೆತ್ತಿ ಈ ಮುಖ ನೋಡಿದ್ದರೆ ಸಾಕಿತ್ತು. ಅವನು ತುಂಡುಗಳನ್ನು ಸದ್ದಾಗದ ಹಾಗೆ ತಟ್ಟೆಯಲ್ಲಿಟ್ಟ. ಪರಿಚಾರಕರು ಮೂರನೆಯದು ಎಲ್ಲಿ ಎಂದು ಕೇಳಲಿಲ್ಲ.

ಗಲ್ಲಿಗೆ ಮರಳಿದಾಗ ಚೈ ಅಕ್ಕನ ಕಡಾಯಿ ಹೊಗೆಯಾಡುತ್ತಿತ್ತು. "ಸೂಪು ಕುಡೀತೀರಾ ಅಜ್ಜಿ?" ಎಂದ ಹೌ.

"ಬೇಡಪ್ಪ" ಎಂದರು ಅಜ್ಜಿ.

"ಆಗಲಿ ಅಜ್ಜಿ" ಎಂದು ಹೌ ತಲೆತಗ್ಗಿಸಿ ಛತ್ರಿ ಹಿಡಿದು ಮುಂದೆ ನಡೆದ.

ಅಜ್ಜಿ ನಡೆಯಲಿಲ್ಲ. "ಲೋ ದಡ್ಡ," ಎಂದರು, "ಎರಡನೇ ಸಲ ಕರೆಯೋದಿಲ್ವೇನೋ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾನು."

ಇಬ್ಬರೂ ಬೆಂಚಿನ ಮೇಲೆ ಕೂತರು. ಚೈ ಅಕ್ಕ ಬಟ್ಟಲು ತಂದಿಟ್ಟು, ಧೈರ್ಯ ಮಾಡಿ, "ದುಡ್ಡು ಕೊಟ್ಟೇ ಹೋಗಬೇಕು ಅಜ್ಜಿ, ನಿಮ್ಮನ್ನ ನಂಬೋಕಾಗಲ್ಲ" ಎಂದಳು. ಪರವಾಗಿಲ್ಲ, ಸ್ವಲ್ಪ ಸುಧಾರಿಸಿದ್ದಳು. ಅಜ್ಜಿ ತಲೆಯಾಡಿಸಿ, ಸೂಪು ಆರಲಿ ಎಂದು ಪಕ್ಕಕ್ಕೆ ಸರಿಸಿ, ಚೀಲದಿಂದ ಫೋನ್ ತೆಗೆದರು.

"ಶುಲಿಂಗ್, ಮೈ ಬಿಸಿ ಇದೆಯಾ?"

ಆ ಕಡೆಯಿಂದ ಉತ್ತರ ಬರುವವರೆಗೂ ಹೌ ಚಮಚವನ್ನು ಬಾಯಿಗಿಡಲಿಲ್ಲ.